ವ್ಯವಸಾಯ ವಿದ್ಯೆಯಲ್ಲಿ ಉನ್ನತ ವ್ಯಾಸಂಗ: ಅರ್ಜಿ, ಪ್ರವೇಶ ಮತ್ತು ವೆಚ್ಚದ ವಿಚಾರ

ಮಲೆನಾಡಿನ ಅಡಕೆಯ ತೋಟಗಳಿಗೆ ಮಳೆಗಾಲದಲ್ಲಿ ತಗಲುವ ಕೊಳೆರೋಗವನ್ನು ಅರಿಯದ ಜಮೀನುದಾರರಿಲ್ಲ. ಹಿಂದೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯ ನೀರನ್ನು ತಡೆಯುವುದೊಂದೇ ಇದಕ್ಕೆ ಉಪಾಯವಾಗಿದ್ದಿತು. ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆಯಾಗಿ ನೀರಿನಲ್ಲಿ ಕದಡಿ, ಒಂದುಗೂಡಿಸಿ, ಮುಂಗಾರು ಬಲವಾಗುವುದಕ್ಕೆ ಮುಂಚೆಯೇ ಗೊನೆಗಳಿಗೆ ಸಿಂಪಡಿಸುವ ಪದ್ಧತಿಯು ಈಗ ಮನೆಮನೆಯ ರೂಢಿಯಾಗಿರುವುದು. ಈ ರೂಢಿಯು ತಾನಾಗಿ ಹುಟ್ಟಿದುದಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಈ ರೋಗದ ಮೂಲವನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಬೋರ್ಡೊ ದ್ರಾವಣವು ಅದನ್ನು ತಡೆಯಬಲ್ಲುದೆಂದು ತೋಟಗಳಲ್ಲಿಯೇ ತೋರಿಸಿಕೊಟ್ಟರು. ಅವರು ಕೆನಡಾ ದೇಶದವರು. ವಿಶ್ವವಿದ್ಯಾನಿಲಯದ ಸಾಮಾನ್ಯ ಪದವಿಯಲ್ಲಿಯೇ ನಿಲ್ಲದೆ ಸಂಶೋಧನೆಯ ವ್ಯಾಸಂಗವನ್ನು ಪೂರೈಸಿ ಬಂದವರು. ಒಬ್ಬ ವಿದ್ಯಾರ್ಥಿಯು ಕೆಲವು ವರ್ಷಗಳನ್ನು ಹೆಚ್ಚಾಗಿ ಓದಿಗೆ ಕೊಟ್ಟುದರ ಫಲವನ್ನು ಸಾವಿರಾರು ತೋಟಗಳು ನೂರು ವರ್ಷಗಳಿಗೂ ಮೀರಿ ಉಣ್ಣುತ್ತಿರುವುವು.

ಈಗ ಇಂಥ ವ್ಯಾಸಂಗಕ್ಕೆ ನಮ್ಮ ಹಳ್ಳಿಗಳ ಮಕ್ಕಳೇ ಹೋಗಬಹುದಾದ ಕಾಲ ಬಂದಿರುವುದು. ಆದರೆ ಅರ್ಹತೆಯುಳ್ಳ ಅನೇಕರು ಬುದ್ಧಿಯ ಕೊರತೆಯಿಂದಲ್ಲ, ಒಂದು ಪ್ರಮಾಣಪತ್ರವು ವೇಳೆಗೆ ಸಿಕ್ಕದೆ, ಇಲ್ಲವೆ ಮನೆಯ ಯಜಮಾನರಿಗೆ ವಿಷಯವು ಸರಿಯಾಗಿ ತಿಳಿಯದೆ, ಸ್ಥಾನವನ್ನು ಕಳೆದುಕೊಳ್ಳುವರು. ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಚಾರವನ್ನು ಕ್ರಮವಾಗಿ ತಿಳಿದಿರುವುದು ಲೇಸು.

ಉನ್ನತ ವ್ಯಾಸಂಗವೆಂದರೆ ಏನು?

ಕೃಷಿ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದವರಿಗೆ ಬಿ.ಎಸ್‌ಸಿ. ಕೃಷಿ ಪದವಿಯು ದೊರೆಯುವುದು. ಈ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಗಳಲ್ಲಿ ಬಂದು ತಂಗಿ, ಬೀಜೋಪಚಾರ, ಮಣ್ಣಿನ ಪರೀಕ್ಷೆ ಮೊದಲಾದುವನ್ನು ರೈತರಿಗೆ ತೋರಿಸಿ ಹೋಗುವುದನ್ನು ಅನೇಕ ಗ್ರಾಮಗಳ ಹಿರಿಯರು ಕಂಡಿರುವರು. ಈ ಪದವಿಯ ಮೇಲೆ ಎರಡು ವರ್ಷದ ವ್ಯಾಸಂಗವು ಎಂ.ಎಸ್‌ಸಿ. ಕೃಷಿ, ಅದರ ಮೇಲೆ ಕನಿಷ್ಠ ಮೂರು ವರ್ಷದ್ದು ಪಿಎಚ್.ಡಿ.

ಮೊದಲ ಪದವಿಯಲ್ಲಿ ವ್ಯವಸಾಯದ ಎಲ್ಲ ಅಂಗಗಳನ್ನೂ ಸ್ವಲ್ಪ ಸ್ವಲ್ಪವಾಗಿ ಕಲಿಸುವರು. ಎಂ.ಎಸ್‌ಸಿ.ಯಲ್ಲಿ ಒಂದೇ ಅಂಗವನ್ನು ಹಿಡಿದು ಆಳವಾಗಿ ಓದಬೇಕು. ಬೇಸಾಯ ಶಾಸ್ತ್ರ, ಮಣ್ಣು ವಿಜ್ಞಾನ, ತಳಿ ಶಾಸ್ತ್ರ, ಬೀಜ ವಿಜ್ಞಾನ, ಕೀಟ ಶಾಸ್ತ್ರ, ಸಸ್ಯರೋಗ ಶಾಸ್ತ್ರ, ರೇಷ್ಮೆ ಕೃಷಿ, ಕೃಷಿ ಅರ್ಥಶಾಸ್ತ್ರ, ವಿಸ್ತರಣಾ ಶಿಕ್ಷಣ ಎಂಬಿವು ಮುಖ್ಯವಾದ ಶಾಖೆಗಳು. ತರಗತಿಯ ಪಾಠಗಳಲ್ಲದೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಪ್ರಶ್ನೆಯನ್ನು ಎತ್ತಿಕೊಂಡು, ಹೊಲದಲ್ಲಿಯೋ ಪ್ರಯೋಗಶಾಲೆಯಲ್ಲಿಯೋ ಪ್ರಯೋಗ ನಡೆಸಿ, ಅದರ ಫಲವನ್ನು ಪ್ರಬಂಧವಾಗಿ ಬರೆದೊಪ್ಪಿಸಬೇಕು. 2021ರಲ್ಲಿ ಪರಿಷ್ಕೃತವಾದ ಪಠ್ಯಕ್ರಮದಂತೆ ಎಂ.ಎಸ್‌ಸಿ.ಗೆ ಒಟ್ಟು 70 ಕ್ರೆಡಿಟ್ಟುಗಳು. ಇವುಗಳಲ್ಲಿ 30 ಸಂಶೋಧನೆಗೇ ಮೀಸಲಾಗಿರುವುವು. ಇದರಿಂದ ಈ ವ್ಯಾಸಂಗವು ಬರಿಯ ಪುಸ್ತಕದ ಓದಲ್ಲವೆಂಬುದು ಸ್ಪಷ್ಟವಾಗುವುದು.

ಎಲ್ಲೆಲ್ಲಿ ಓದಬಹುದು?

ಹೆಬ್ಬಾಳದಲ್ಲಿ ವ್ಯವಸಾಯ ಸಂಶೋಧನೆಗೆಂದು ಮೈಸೂರಿನ ರಾಜಪ್ರತಿನಿಧಿ ಮಹಾರಾಣಿಯವರು 1899ರಲ್ಲಿ 30 ಎಕರೆ ಭೂಮಿಯನ್ನು ಕೊಡಿಸಿದರು. ಡಾಕ್ಟರ್ ಲೆಹ್ಮನ್ನರು ಅಲ್ಲಿ ಕೆಲಸವನ್ನು ಆರಂಭಿಸಿದರು. 1946ರಲ್ಲಿ ಅದೇ ಸ್ಥಳದಲ್ಲಿ ಕೃಷಿ ಕಾಲೇಜು ಏರ್ಪಟ್ಟಿತು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅನಂತರ 1986ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೂ, 2008ರಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾನಿಲಯವೂ, 2012ರಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯವೂ ಉಂಟಾದುವು. ರಾಯಚೂರಿನಲ್ಲಿಯೂ ಕೃಷಿ ವಿಶ್ವವಿದ್ಯಾನಿಲಯವಿರುವುದು. ಪಶು ಮತ್ತು ಮೀನುಗಾರಿಕೆಯ ವಿದ್ಯೆಗೆ ಬೀದರಿನಲ್ಲಿ ವಿಶ್ವವಿದ್ಯಾನಿಲಯವಿರುವುದು.

ರಾಜ್ಯದ ಹೊರಗೆ ಹೋಗಲಿಚ್ಛಿಸುವವರಿಗೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ಪ್ರಸಿದ್ಧವಾದುದು. ಇದು 1905ರಲ್ಲಿ ಬಿಹಾರದ ಪೂಸಾ ಗ್ರಾಮದಲ್ಲಿ ಸ್ಥಾಪಿತವಾಗಿ, 1934ರ ಭೂಕಂಪದಿಂದ ಕಟ್ಟಡಗಳು ಹಾಳಾದುದರಿಂದ 1936ರಲ್ಲಿ ದೆಹಲಿಗೆ ಬಂದಿತು. 1958ರಲ್ಲಿ ವಿಶ್ವವಿದ್ಯಾನಿಲಯದ ಮಾನ್ಯತೆಯನ್ನು ಪಡೆಯಿತು.

ಅರ್ಜಿಯ ಕ್ರಮ

ಸ್ಥಾನಗಳನ್ನು ಪಡೆಯುವುದಕ್ಕೆ ಮುಖ್ಯವಾಗಿ ಎರಡು ಮಾರ್ಗಗಳುಂಟು. ಮೊದಲನೆಯದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಖಿಲ ಭಾರತ ಪ್ರವೇಶ ಪರೀಕ್ಷೆ. ಈ ಪರೀಕ್ಷೆಯ ಮೂಲಕ ಪರಿಷತ್ತಿನ ಸಂಸ್ಥೆಗಳ ಸ್ಥಾನಗಳನ್ನೂ, ರಾಜ್ಯಗಳ ಕೃಷಿ ವಿಶ್ವವಿದ್ಯಾನಿಲಯಗಳ ಸ್ಥಾನಗಳಲ್ಲಿ ಒಂದು ಪಾಲನ್ನೂ ತುಂಬುವರು. ಎರಡನೆಯದು ರಾಜ್ಯದ ವಿಶ್ವವಿದ್ಯಾನಿಲಯಗಳು ತಮ್ಮ ಪಾಲಿನ ಸ್ಥಾನಗಳಿಗೆ ಪ್ರತ್ಯೇಕವಾಗಿ ಹೊರಡಿಸುವ ಪ್ರಕಟಣೆ. ಇವೆರಡಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಶುಲ್ಕ, ಬೇರೆ ಬೇರೆ ಕೊನೆಯ ದಿನ. ಒಂದಕ್ಕೆ ಅರ್ಜಿ ಹಾಕಿದರೆ ಇನ್ನೊಂದಕ್ಕೂ ಆದಂತೆಯೇ ಎಂದು ಭಾವಿಸಿ ಮೋಸಹೋಗಬಾರದು. ಅನುಕೂಲವಿದ್ದವರು ಎರಡಕ್ಕೂ ಅರ್ಜಿ ಸಲ್ಲಿಸುವುದು ಉತ್ತಮ.

ಅರ್ಜಿಯನ್ನು ಕಾಗದದ ಮೇಲೆ ಬರೆದು ಅಂಚೆಗೆ ಹಾಕುವ ಪದ್ಧತಿಯು ಹೆಚ್ಚಾಗಿ ಹೋಗಿರುವುದು. ಈಗ ಗಣಕಯಂತ್ರದ ಮೂಲಕವೇ ಭರ್ತಿಮಾಡಿ ಕಳುಹಿಸಬೇಕು. ಹೆಸರು, ತಂದೆತಾಯಿಗಳ ಹೆಸರು, ಜನ್ಮದಿನಾಂಕ ಇವು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವಂತೆಯೇ ಅಕ್ಷರಶಃ ಇರತಕ್ಕದ್ದು. ಆಧಾರ್ ಚೀಟಿಯಲ್ಲಿ ಒಂದು ಬಗೆ, ಅಂಕಪಟ್ಟಿಯಲ್ಲಿ ಇನ್ನೊಂದು ಬಗೆಯಾಗಿ ಹೆಸರಿರುವುದು ಹಳ್ಳಿಗಳಲ್ಲಿ ಬಹು ಸಾಮಾನ್ಯ. ಇದನ್ನು ಅರ್ಜಿಯ ಕಾಲಕ್ಕೆ ಮುಂಚೆಯೇ, ಪದವಿಯ ಕೊನೆಯ ವರ್ಷದಲ್ಲಿಯೇ, ಸರಿಪಡಿಸಿಕೊಳ್ಳಬೇಕು.

ಪರೀಕ್ಷೆಯಲ್ಲಿ ದೊರೆತ ಕ್ರಮಾಂಕದ ಮೇಲೆ ಸ್ಥಾನಗಳ ಹಂಚಿಕೆಯಾಗುವುದು. ಆಗ ವಿದ್ಯಾರ್ಥಿಯು ತನಗೆ ಬೇಕಾದ ವಿಶ್ವವಿದ್ಯಾನಿಲಯ ಮತ್ತು ಶಾಖೆಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ನಮೂದಿಸಬೇಕು. ಇಲ್ಲಿ ಅನೇಕರು ತಪ್ಪುವರು. ಸಿಕ್ಕಲಾರದೆಂದು ಅಂಜಿ ಬೇಕಾದುದನ್ನು ಕೆಳಗೆ ಬರೆದು, ಬೇಡವಾದುದನ್ನು ಮೇಲೆ ಬರೆಯುವುದರಿಂದ ಬೇಡವಾದುದೇ ಸಿಕ್ಕುವುದು. ನಿಜವಾಗಿ ಯಾವುದು ಬೇಕೋ ಅದನ್ನೇ ಮೊದಲು ಬರೆಯತಕ್ಕದ್ದು. ಸ್ಥಾನವು ಗೊತ್ತಾದ ಮೇಲೆ ಶುಲ್ಕ ಕಟ್ಟಿ ಒಪ್ಪಿಗೆ ಕೊಡುವುದಕ್ಕೆ ಕೆಲವೇ ದಿನಗಳ ಅವಕಾಶವಿರುವುದು. ಹದ ತಪ್ಪಿದ ಬಿತ್ತನೆಯಂತೆ, ದಿನ ತಪ್ಪಿದ ಒಪ್ಪಿಗೆಯೂ ಫಲಕ್ಕೆ ಬಾರದು.

ಪ್ರಮಾಣಪತ್ರಗಳ ವಿಚಾರ

ಜಮೀನುದಾರರು ವಿಶೇಷವಾಗಿ ಗಮನಿಸಬೇಕಾದುದು ಈ ಭಾಗವನ್ನೇ. ರಾಜ್ಯದ ಮೀಸಲಾತಿಗೆ ಸಲ್ಲುವ ಜಾತಿ ಮತ್ತು ಆದಾಯದ ಪ್ರಮಾಣಪತ್ರವು ಕೇಂದ್ರದ ಸಂಸ್ಥೆಗಳ ಹಿಂದುಳಿದ ವರ್ಗಗಳ ಮೀಸಲಾತಿಗೆ ಸಲ್ಲುವುದಿಲ್ಲ. ಕೇಂದ್ರದ ಪಟ್ಟಿ ಬೇರೆ, ನಮೂನೆ ಬೇರೆ, ನಿಬಂಧನೆಗಳೂ ಬೇರೆ. ಜಾತಿಯು ರಾಜ್ಯದ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲಿಯೂ ಇದ್ದೇ ಇರುವುದೆಂದು ತಿಳಿಯಕೂಡದು.

ಹಿಂದುಳಿದ ವರ್ಗದವರಲ್ಲಿ ಅನುಕೂಲಸ್ಥರಾದವರನ್ನು ಕೆನೆಪದರವೆಂದು ಬೇರ್ಪಡಿಸುವ ಕೇಂದ್ರದ ನಿಯಮಗಳು 1993ರಲ್ಲಿ ಜಾರಿಗೆ ಬಂದುವು. ಇವುಗಳ ಪ್ರಕಾರ ಕುಟುಂಬದ ಆದಾಯವನ್ನು ಎಣಿಸುವಾಗ ಸಂಬಳವನ್ನೂ ವ್ಯವಸಾಯದ ಆದಾಯವನ್ನೂ ಸೇರಿಸುವುದಿಲ್ಲ. ಉಳಿದ ಮೂಲಗಳ ಆದಾಯಕ್ಕೆ 2017ರಿಂದ ವರ್ಷಕ್ಕೆ 8 ಲಕ್ಷ ರೂಪಾಯಿ ಮಿತಿಯಾಗಿ ಗೊತ್ತಾಯಿತು. ಆದರೆ ಭೂಮಿಯ ವಿಷಯದಲ್ಲಿ ಪ್ರತ್ಯೇಕ ನಿಬಂಧನೆಯುಂಟು: ಭೂಸುಧಾರಣೆಯ ಕಾನೂನಿನ ಗರಿಷ್ಠ ಮಿತಿಯ ಶೇಕಡಾ 85ರಷ್ಟು ಅಥವಾ ಅದಕ್ಕೆ ಮೇಲ್ಪಟ್ಟು ನೀರಾವರಿ ಜಮೀನುಳ್ಳ ಕುಟುಂಬದ ಮಕ್ಕಳಿಗೆ ಈ ಮೀಸಲಾತಿಯಿಲ್ಲ. ಕಾಫಿ, ಚಹಾ, ರಬ್ಬರು ತೋಟಗಳವರನ್ನು ಆದಾಯದ ಲೆಕ್ಕದಿಂದ ಪರಿಶೀಲಿಸುವರು.

ಯಾವ ಮೀಸಲಾತಿಗೂ ಸೇರದ ಬಡ ಕುಟುಂಬಗಳಿಗೆ 2019ರಲ್ಲಿ ಕೇಂದ್ರವು ಶೇಕಡಾ 10ರ ಮೀಸಲಾತಿಯನ್ನು ಏರ್ಪಡಿಸಿತು. ಇದರ ಲೆಕ್ಕ ಮೇಲಿನದಕ್ಕೆ ವಿರುದ್ಧವಾದುದು. ಇಲ್ಲಿ ವ್ಯವಸಾಯದ ಆದಾಯವನ್ನೂ ಸೇರಿಸಿ 8 ಲಕ್ಷ ರೂಪಾಯಿಗಳ ಒಳಗಿರಬೇಕು. ಅಲ್ಲದೆ 5 ಎಕರೆ ಅಥವಾ ಹೆಚ್ಚು ಸಾಗುವಳಿ ಜಮೀನುಳ್ಳ ಕುಟುಂಬಕ್ಕೆ, ಆದಾಯವೆಷ್ಟೇ ಕಡಮೆಯಿದ್ದರೂ, ಇದು ದೊರೆಯದು. ಈ ಪ್ರಮಾಣಪತ್ರವು ಒಂದು ಆರ್ಥಿಕ ವರ್ಷಕ್ಕೆ ಮಾತ್ರ ಸಲ್ಲುವುದರಿಂದ ಹಳೆಯದನ್ನು ಹಿಡಿದು ಹೋದರೆ ಪ್ರಯೋಜನವಿಲ್ಲ.

ಇದನ್ನು ಒಂದು ನಿದರ್ಶನದಿಂದ ತಿಳಿಯಬಹುದು. ನಾಲ್ಕು ಎಕರೆ ಖುಷ್ಕಿ, ಎರಡು ಎಕರೆ ತೋಟವಿರುವ ಒಬ್ಬ ಯಜಮಾನನ ಮಗಳು ಬಿ.ಎಸ್‌ಸಿ. ಮುಗಿಸಿ ಸಸ್ಯರೋಗ ಶಾಸ್ತ್ರವನ್ನು ಓದಬೇಕೆಂದಿರುವಳೆಂದು ಭಾವಿಸೋಣ. ಕುಟುಂಬವು ಕೇಂದ್ರದ ಪಟ್ಟಿಯ ಹಿಂದುಳಿದ ವರ್ಗಕ್ಕೆ ಸೇರಿದ್ದು, ಬೇರೆ ಆದಾಯವೇನೂ ಇಲ್ಲದಿದ್ದರೆ, ಆರು ಎಕರೆ ಜಮೀನು ಆಕೆಗೆ ಅಡ್ಡಿಯಾಗದು. ಅದೇ ಕುಟುಂಬವು ಯಾವ ಮೀಸಲಾತಿಗೂ ಸೇರದುದಾದರೆ, ಅದೇ ಆರು ಎಕರೆಯಿಂದಲೇ ಶೇಕಡಾ 10ರ ಮೀಸಲಾತಿಯು ತಪ್ಪುವುದು. ಆಕೆಯು ಸಾಮಾನ್ಯ ವರ್ಗದಲ್ಲಿಯೇ ಅರ್ಜಿ ಸಲ್ಲಿಸಬೇಕು. ಇದನ್ನರಿಯದೆ ಒಂದು ವರ್ಗವೆಂದು ಬರೆದು, ದಾಖಲೆಗಳ ತನಿಖೆಯ ದಿನ ಪ್ರಮಾಣಪತ್ರವನ್ನು ತೋರಿಸಲಾಗದಿದ್ದರೆ, ಒಳ್ಳೆಯ ಕ್ರಮಾಂಕ ಬಂದಿದ್ದರೂ ಸ್ಥಾನವು ಕೈಬಿಡುವುದು.

ಇವುಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಗ್ರಾಮ ಆಡಳಿತಾಧಿಕಾರಿಯೂ ಕಂದಾಯ ನಿರೀಕ್ಷಕರೂ ವಿಚಾರಣೆ ನಡೆಸಿದ ಮೇಲೆ ತಹಶೀಲ್ದಾರರು ಪ್ರಮಾಣಪತ್ರವನ್ನು ಕೊಡುವರು. ಅಜ್ಜನ ಹೆಸರಿನಲ್ಲಿಯೇ ಪಹಣಿ ಉಳಿದಿದ್ದರೆ, ಇಲ್ಲವೆ ಅಣ್ಣತಮ್ಮಂದಿರ ಭಾಗ ದಾಖಲೆಗೆ ಏರದಿದ್ದರೆ, ಯಾರಿಗೆ ಎಷ್ಟು ಭೂಮಿಯೆಂಬುದು ಇತ್ಯರ್ಥವಾಗುವುದಕ್ಕೇ ತಿಂಗಳುಗಳು ಹಿಡಿಯಬಹುದು. ಖಾತೆಯ ಬದಲಾವಣೆಯನ್ನು ಮುಂದಕ್ಕೆ ಹಾಕುತ್ತ ಬಂದ ಮನೆಗಳಲ್ಲಿ ಮಕ್ಕಳ ಓದಿಗೆ ಬರುವ ವಿಘ್ನಗಳಲ್ಲಿ ಇದೂ ಒಂದು.

ವೆಚ್ಚ ಮತ್ತು ಸಹಾಯ

ಎರಡು ವರ್ಷದ ಶುಲ್ಕ, ವಸತಿನಿಲಯ, ಊಟ, ಪ್ರಬಂಧದ ಖರ್ಚು ಇವನ್ನು ಮೊದಲೇ ಬರೆದು ಲೆಕ್ಕಹಾಕತಕ್ಕದ್ದು. ಸರಕಾರದ ವಿಶ್ವವಿದ್ಯಾನಿಲಯಗಳಲ್ಲಿ ಶುಲ್ಕವು ಖಾಸಗಿಯವಕ್ಕಿಂತ ಬಹಳ ಕಡಮೆ. ಅಖಿಲ ಭಾರತ ಪರೀಕ್ಷೆಯಲ್ಲಿ ಮೇಲಿನ ಕ್ರಮಾಂಕ ಪಡೆದವರಿಗೆ ಪರಿಷತ್ತಿನವರು ತಿಂಗಳು ತಿಂಗಳು ವಿದ್ಯಾರ್ಥಿವೇತನ ಕೊಡುವರು. ಸ್ವಂತ ರಾಜ್ಯದ ಹೊರಗೆ ಓದುವವರಿಗೆ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನವೆಂಬುದುಂಟು. ಆದುದರಿಂದ ದೂರದ ಊರೆಂಬ ಒಂದೇ ಕಾರಣಕ್ಕೆ ಬೇಡವೆನ್ನುವ ಮೊದಲು ಲೆಕ್ಕವನ್ನು ನೋಡಬೇಕು. ಮನೆಯ ಹತ್ತಿರದ ಓದಿಗಿಂತ ದೂರದ ಓದು ಕೆಲವು ವೇಳೆ ಅಗ್ಗವಾಗಿ ಪರಿಣಮಿಸುವುದು.

ರೈತರ ಮಕ್ಕಳಿಗಾಗಿ ಕರ್ನಾಟಕ ಸರಕಾರವು 2021ರಲ್ಲಿ ರೈತ ವಿದ್ಯಾನಿಧಿ ಯೋಜನೆಯನ್ನು ಆರಂಭಿಸಿದಾಗ, ಸ್ನಾತಕೋತ್ತರ ವ್ಯಾಸಂಗಕ್ಕೆ ವರ್ಷಕ್ಕೆ ಗಂಡುಮಕ್ಕಳಿಗೆ 10,000 ರೂಪಾಯಿಗಳನ್ನೂ ಹೆಣ್ಣುಮಕ್ಕಳಿಗೆ 11,000 ರೂಪಾಯಿಗಳನ್ನೂ ಗೊತ್ತುಮಾಡಿದ್ದಿತು. ಈ ಬಗೆಯ ಸಹಾಯಗಳಿಗೆ ಜಮೀನು ಫ್ರೂಟ್ಸ್ ದಾಖಲೆಯಲ್ಲಿ ನೋಂದಣಿಯಾಗಿರುವುದು ಅಗತ್ಯ. ಆಯಾ ಸಾಲಿನ ನಿಯಮಗಳನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸತಕ್ಕದ್ದು.

ಹಣ ಸಾಲದಿದ್ದರೆ ಬ್ಯಾಂಕುಗಳಲ್ಲಿ ವಿದ್ಯಾಭ್ಯಾಸದ ಸಾಲ ದೊರೆಯುವುದು. ಬ್ಯಾಂಕುಗಳ ಮಾದರಿ ಯೋಜನೆಯಂತೆ 4 ಲಕ್ಷ ರೂಪಾಯಿಗಳವರೆಗೆ ಸ್ಥಿರಾಸ್ತಿಯ ಆಧಾರವನ್ನು ಕೇಳುವುದಿಲ್ಲ. ತಂದೆ ಅಥವಾ ತಾಯಿಯು ಜೊತೆಗೆ ಸಾಲಗಾರರಾಗಿ ರುಜು ಹಾಕಬೇಕು. ವ್ಯಾಸಂಗ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟುವಂತಿಲ್ಲ. ಆದರೆ ಬಡ್ಡಿಯು ನಡೆಯುತ್ತಿರುವುದೆಂಬುದನ್ನು ಮರೆಯಬಾರದು. ಹೀಗಿರುವಲ್ಲಿ, ಬ್ಯಾಂಕನ್ನು ವಿಚಾರಿಸದೆಯೇ ತೋಟವನ್ನು ಲೇವಾದೇವಿಯವರಿಗೆ ಅಡವಿಡುವುದು ಬಹು ಅವಿವೇಕವಾದ ಕೆಲಸ. ಓದಿದ ಮಗುವು ತಿರುಗಿ ಬಂದಾಗ ಉಳಲು ಭೂಮಿಯೇ ಇಲ್ಲದಂತಾದರೆ ಆ ವಿದ್ಯೆಯ ಅರ್ಧ ಪ್ರಯೋಜನವು ಕಳೆದಂತೆಯೇ ಸರಿ. ಹಣ ಕೊಟ್ಟರೆ ಸರಕಾರಿ ಸ್ಥಾನವನ್ನೇ ಕೊಡಿಸುವೆವೆಂದು ಬರುವ ದಳ್ಳಾಳಿಗಳ ಮಾತನ್ನು ಎಷ್ಟು ಮಾತ್ರಕ್ಕೂ ನಂಬಕೂಡದು. ಕ್ರಮಾಂಕವಿಲ್ಲದೆ ಆ ಸ್ಥಾನವನ್ನು ಯಾರೂ ಕೊಡಿಸಲಾರರು.

ಪ್ರವೇಶವಾದ ಮೇಲೆ

ಸ್ಥಾನ ಸಿಕ್ಕಿದ ವಿದ್ಯಾರ್ಥಿಯು ಅಂಕಪಟ್ಟಿಗಳು, ತಾತ್ಕಾಲಿಕ ಪದವಿ ಪ್ರಮಾಣಪತ್ರ, ವರ್ಗಾವಣೆ ಪತ್ರ, ಬೇರೆ ವಿಶ್ವವಿದ್ಯಾನಿಲಯದಿಂದ ಬಂದವರಾದರೆ ವಲಸೆ ಪ್ರಮಾಣಪತ್ರ, ನಡತೆಯ ಪತ್ರ ಇವುಗಳ ಮೂಲಪ್ರತಿಗಳೊಡನೆ ಗೊತ್ತಾದ ದಿನ ಹಾಜರಾಗಬೇಕು. ಮೂಲಪ್ರತಿಗಳನ್ನು ಒಪ್ಪಿಸುವ ಮುನ್ನ ಪ್ರತಿಯೊಂದಕ್ಕೂ ಕೆಲವು ನಕಲುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕ್ಷೇಮ.

ಅನಂತರ ವಿದ್ಯಾರ್ಥಿಗೆ ಒಬ್ಬ ಮಾರ್ಗದರ್ಶಕ ಅಧ್ಯಾಪಕರೂ, ಅವರೊಡನೆ ಒಂದು ಸಲಹಾ ಸಮಿತಿಯೂ ಗೊತ್ತಾಗುವುದು. ಓದಬೇಕಾದ ಪಾಠಗಳನ್ನೂ ಸಂಶೋಧನೆಯ ವಿಷಯವನ್ನೂ ಈ ಸಮಿತಿಯವರೊಡನೆ ಆಲೋಚಿಸಿ ನಿಶ್ಚಯಿಸುವರು. ವಿಷಯವು ಹೊಲದ ಬೆಳೆಗೆ ಸಂಬಂಧಿಸಿದುದಾದರೆ ಮಳೆ ಬೆಳೆಗಳ ಕಾಲಕ್ಕೆ ಸರಿಯಾಗಿಯೇ ಪ್ರಯೋಗ ನಡೆಯಬೇಕು; ಒಂದು ಮುಂಗಾರು ತಪ್ಪಿದರೆ ಒಂದು ವರ್ಷವೇ ಹೋದಂತೆ. ಹಬ್ಬ, ಮದುವೆಗಳಿಗೆ ಮಕ್ಕಳು ಬರಲಿಲ್ಲವೆಂದು ಮನೆಯವರು ಬೇಸರಿಸುವಾಗ ಈ ಸಂಗತಿಯನ್ನು ನೆನೆಯಬೇಕು. ಬಿತ್ತನೆಯ ಹದದಲ್ಲಿ ಹೊಲ ಬಿಟ್ಟು ಹೋಗುವುದು ಎಂಥ ನಷ್ಟವೆಂಬುದು ರೈತರಿಗೆ ಹೇಳಬೇಕಾದ ಮಾತಲ್ಲ.

ಯಾರು ಓದಬೇಕು, ಏತಕ್ಕೆ?

ಪದವೀಧರರೆಲ್ಲರೂ ಎಂ.ಎಸ್‌ಸಿ. ಓದಲೇಬೇಕೆಂದಿಲ್ಲ. ಊರಿಗೆ ಬಂದು ಸ್ವಂತ ಜಮೀನನ್ನು ಕ್ರಮದಿಂದ ಸಾಗುಮಾಡುವವನಿಗೂ, ಬೀಜ ಗೊಬ್ಬರಗಳ ವ್ಯಾಪಾರ ನಡೆಸುವವನಿಗೂ ಬಿ.ಎಸ್‌ಸಿ. ಪದವಿಯೇ ಸಾಕಾದೀತು. ಆದರೆ ಕಾಲೇಜಿನಲ್ಲಿ ಪಾಠ ಹೇಳುವುದಕ್ಕೂ, ಸಂಶೋಧನಾ ಕೇಂದ್ರಗಳಲ್ಲಿ ಕೆಲಸ ಮಾಡುವುದಕ್ಕೂ ಉನ್ನತ ವ್ಯಾಸಂಗವು ಅವಶ್ಯಕ. ಬಹಳ ಕಡೆ ಪಿಎಚ್.ಡಿ.ಯನ್ನೂ ಕೇಳುವರು. ಬೇರೆ ಕೆಲಸ ಸಿಕ್ಕದುದರಿಂದ ಓದಿಸುವುದು, ಇಲ್ಲವೆ ನೆರೆಯವರ ಮಗ ಓದುತ್ತಿರುವನೆಂದು ಓದಿಸುವುದು ಇವೆರಡೂ ಸರಿಯಾದ ಕಾರಣಗಳಲ್ಲ. ಒಂದು ಪ್ರಶ್ನೆಯನ್ನು ಬಿಡದೆ ಹಿಡಿದು ಉತ್ತರ ಹುಡುಕುವ ಸ್ವಭಾವವು ಮಗುವಿನಲ್ಲಿ ಇದೆಯೇ ಎಂಬುದನ್ನು ಮೊದಲು ನೋಡಬೇಕು.

ಅಂಥ ಸ್ವಭಾವವಿದ್ದಲ್ಲಿ ಹಳ್ಳಿಯ ಹುಟ್ಟು ಕೊರತೆಯಾಗದೆ ಬಲವೇ ಆಗುವುದು. ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಪಡೆದ ಶ್ರೀ ಲಕ್ಷ್ಮಣಯ್ಯನವರ ಕೆಲಸವು ಬಯಲುಸೀಮೆಯ ಕಣಜಗಳನ್ನು ತುಂಬಿತು. ಚಾಮರಾಜನಗರ ಜಿಲ್ಲೆಯ ಮಾದಾಪುರದಲ್ಲಿ ಹುಟ್ಟಿದ ಡಾಕ್ಟರ್ ಎಂ. ಮಹದೇವಪ್ಪನವರು ಭತ್ತದ ತಳಿ ಶಾಸ್ತ್ರದಲ್ಲಿ ಹೆಸರಾಗಿ, ಸಂಕರ ಭತ್ತದ ಕೆಲಸಕ್ಕೆ ದುಡಿದು, ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ, 2013ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ಪಡೆದರು.

ಹೆಣ್ಣುಮಕ್ಕಳ ವಿಚಾರದಲ್ಲಿ ಒಂದು ಮಾತು ಅವಶ್ಯಕ. ಬಿ.ಎಸ್‌ಸಿ. ಮುಗಿಯುವ ವಯಸ್ಸಿಗೂ ಮದುವೆಯ ಮಾತು ಬರುವ ವಯಸ್ಸಿಗೂ ಸರಿಹೋಗುವುದರಿಂದ, ಗಂಡುಮಗನಿಗೆ ಕೇಳದ ಪ್ರಶ್ನೆಗಳನ್ನು ಮಗಳಿಗೆ ಕೇಳುವರು. ಮೇಲೆ ಹೇಳಿದ ಆರು ಎಕರೆಯ ಯಜಮಾನನು ಊರಿನ ಹಿರಿಯರ ಬಳಿ ಆಲೋಚನೆ ಕೇಳಲು ಬಂದರೆ, ಅವರು ಹೇಳುವ ಒಂದು ಮಾತಿನಿಂದಲೇ ಆ ಹುಡುಗಿಯ ಓದು ನಡೆಯಲೂಬಹುದು, ನಿಲ್ಲಲೂಬಹುದು. ಎರಡು ವರ್ಷವೆಂದರೆ ಹೊಸ ಅಡಕೆಯ ಸಸಿಯು ಫಲಕ್ಕೆ ಬರುವುದಕ್ಕಿಂತಲೂ ಕಡಮೆಯ ಕಾಲ. ಅಷ್ಟು ಕಾಲ ತೋಟಕ್ಕೆ ಕಾಯಬಲ್ಲವರು ಮಗಳಿಗೂ ಕಾಯಬಹುದು.

ಮುಖಂಡರು ಮಾಡಬಹುದಾದ ಕೆಲಸ

ಪ್ರತಿ ಗ್ರಾಮದಲ್ಲಿಯೂ ಕೃಷಿ, ತೋಟಗಾರಿಕೆ, ಪಶುವೈದ್ಯ ಕಾಲೇಜುಗಳಲ್ಲಿ ಓದುತ್ತಿರುವ ಮಕ್ಕಳು ಯಾರೆಂಬುದನ್ನು ಮುಖಂಡರು ತಿಳಿದಿರಬೇಕು. ಅವರು ಕೊನೆಯ ವರ್ಷಕ್ಕೆ ಬಂದ ಕೂಡಲೆ ಖಾತೆ, ಪಹಣಿ, ಹೆಸರಿನ ತಿದ್ದುಪಡಿ, ಜಾತಿ ಆದಾಯಗಳ ಪತ್ರ ಇವನ್ನು ಸಿದ್ಧಪಡಿಸಿಕೊಳ್ಳುವಂತೆ ಮನೆಯವರಿಗೆ ಹೇಳಬೇಕು. ಪ್ರಕಟಣೆಗಳು ಹೊರಡುವ ತಿಂಗಳುಗಳಲ್ಲಿ ಅವನ್ನು ಪಂಚಾಯತಿಯ ಸೂಚನಾ ಫಲಕದಲ್ಲಿ ಹಾಕಿಸಬೇಕು. ಅನುಭವಕ್ಕೆಂದು ಊರಿಗೆ ಬರುವ ಕಾಲೇಜಿನ ವಿದ್ಯಾರ್ಥಿಗಳನ್ನೂ ಅವರ ಅಧ್ಯಾಪಕರನ್ನೂ ಒಂದು ಸಂಜೆ ಕೂರಿಸಿ, ಊರಿನ ಮಕ್ಕಳೊಡನೆ ಮಾತನಾಡಿಸಿದರೆ ಅರ್ಧ ಸಂದೇಹಗಳು ಅಲ್ಲಿಯೇ ತೀರುವುವು.

ಇವೊಂದಕ್ಕೂ ಹಣದ ಖರ್ಚಿಲ್ಲ. ವೇಳೆಗೆ ಸರಿಯಾಗಿ ನೆನಪಿಡುವುದೊಂದೇ ಬೇಕಾದುದು. ತೊಗರಿಯ ಸೊರಗುರೋಗ, ತೆಂಗಿನ ನುಸಿ, ಅಡಕೆಯ ಎಲೆಚುಕ್ಕೆ ಮೊದಲಾದ ತೊಂದರೆಗಳಿಗೆ ಪೂರ್ಣ ಪರಿಹಾರವನ್ನು ಇನ್ನೂ ಹುಡುಕಬೇಕಾಗಿರುವುದು. ಅದನ್ನು ಹುಡುಕತಕ್ಕವರು ಆ ತೊಂದರೆಗಳನ್ನು ತಮ್ಮ ಮನೆಯ ಹೊಲದಲ್ಲಿಯೇ ಕಂಡು ಬೆಳೆದವರಾದರೆ, ನಾಡಿಗೂ ಹಳ್ಳಿಗೂ ಅದಕ್ಕಿಂತ ಹೆಚ್ಚಿನ ಲಾಭವಿಲ್ಲ.